ಬೋರಲು ಲೋಟ

ಇಂಚರಾ ಮೊದಲ ಸಲ "ಅವ್ವಾ" ಎಂದ ದಿನ ಅವಳ ಅಜ್ಜಿ ನೀಲವ್ವ ಹಳೇ ಹುಬ್ಬಳ್ಳಿಯ ಆ ಓಣಿಗೆಲ್ಲ ಪೇಢೆ ಹಂಚಿದಳು. ಮೊಮ್ಮಗಳಿಗೆ ಇಂಚರಾ ಅಂತಲೇ ಹೆಸರಿಡಬೇಕೆಂದು ಹಟ ಹಿಡಿದವಳೂ ಅವಳೇ. ಹುಡುಗಿಗೆ ಏಳು ತುಂಬಿದರೂ ಗಂಟಲಿನಿಂದ ಒಂದಕ್ಷರ ಹೊರಡದಿದ್ದಾಗ ಅದೇ ಹೆಸರು ಹಿಡಿದು ಓಣಿಯವರು ಆಡಿಕೊಂಡಿದ್ದರು. ಈಗ ಆಡಿಕೊಂಡ ಒಂದೊಂದು ಬಾಯಿಗೂ ಪೇಢೆ ತುರುಕಿ, "ತಗೋರಿ, ನನ್ನ ಮೊಮ್ಮಗಳು ಮಾತಾಡ್ಯಾಳ" ಎಂದು ಮುದುಕಿ ಹೊಟ್ಟೆ ತಣ್ಣಗೆ ಮಾಡಿಕೊಂಡಳು.

ಮಾತಾಡಿದ್ದು ಇಂಚರಾಳ ಬಾಯಲ್ಲ, ಅವಳ ಕೊರಳಿಗೆ ಕಟ್ಟಿದ ನುಡಿಪಟ್ಟಿ. ಆದರೆ ಅಷ್ಟು ಸಣ್ಣ ವ್ಯತ್ಯಾಸ ಯಾರಿಗೆ ಬೇಕಿತ್ತು? ಅವಳ ತಾಯಿ ಕಸ್ತೂರಿಗಂತೂ ಬೇಕಿರಲಿಲ್ಲ.

ನುಡಿಪಟ್ಟಿ ಕಟ್ಟಿದ್ದು 'ಮಾತಿನ ಮನೆ' ಎಂಬ ವಾಕ್ ಚಿಕಿತ್ಸೆಯ ಕೇಂದ್ರದಲ್ಲಿ. ಅಲ್ಲಿನ ಹಿರಿಯ ಚಿಕಿತ್ಸಕಿ ಅರುಂಧತಿ ದೇಶಪಾಂಡೆ, ಎದುರಿಗೆ ಕೂತವರ ಕೈ ಹಿಡಿದುಕೊಂಡೇ ಮಾತಾಡುವ ಹೆಂಗಸು. ಕಸ್ತೂರಿಯ ಕೈಯನ್ನೂ ಹಿಡಿದುಕೊಂಡು ತಿಳಿಸಿ ಹೇಳಿದ್ದಳು.

"ನೋಡ್ರಿ ಕಸ್ತೂರಿಯವರ, ನಿಮ್ಮ ಮಗಳ ತಲಿಯೊಳಗ ಮಾತು ಅವ. ತಲಿ ಕೊರಳಿಗೆ ಹುಕುಂ ಕೊಡ್ತದ. ಕೊರಳಿನ ಸ್ನಾಯು ಮಾತ್ರ ಅದನ್ನ ನಡಸೂದಿಲ್ಲ, ಒಂದೀಟು ಅದುರಿ ಸುಮ್ಮನಾಗ್ತಾವ. ಕಣ್ಣಿಗೆ ಕಾಣಲಾರದ ಆ ಅದುರು ಹಿಡದು ಪಟ್ಟಿ ಅದನ್ನ ಮಾತು ಮಾಡ್ತದ."

"ಅದು ತಪ್ಪ ಹೇಳಿದ್ರ ಏನ್ ಮಾಡೂದ್ರಿ?"

"ಅದಕ್ಕ ನೀವಿದ್ದೀರಲ್ಲ." ಅರುಂಧತಿ ಅವಳ ಅಂಗೈಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಸಾಮಾನು ಇಟ್ಟಳು. ಅದರಲ್ಲಿ ಎರಡು ಗುಂಡಿ. "ಪಟ್ಟಿ ಅಂದದ್ದು ಖರೇ ಅನಸಿದ್ರ ಹಸಿರು ಒತ್ರಿ, ತಪ್ಪು ಅನಸಿದ್ರ ಕೆಂಪು. ಅದು ಕಲೀತಾ ಹೋಗ್ತದ. ಮಗಳ ಮನಸಿನ್ಯಾಗ ಏನದ ಅಂತ ತಾಯಿಗಿಂತ ಹೆಚ್ಚು ಯಾರಿಗೆ ಗೊತ್ತಿರ್ತದ ಹೇಳ್ರಿ?"

ಆ ಒಂದು ಮಾತಿಗೆ ಕಸ್ತೂರಿಯ ಕಣ್ಣು ತುಂಬಿ ಬಂದವು. ಏಳು ವರ್ಷ ಎಲ್ಲರೂ ಅವಳನ್ನು ಕೇಳಿದ್ದು ಒಂದೇ. ಬಸುರಿದ್ದಾಗ ಏನು ತಿಂದಿದ್ದಿ, ಯಾವ ಗ್ರಹಣ ನೋಡಿದ್ದಿ, ಕೂಸಿನ ಎದುರು ಮಾತಾಡುತ್ತಿದ್ದಿಯೋ ಬರೀ ಹೊಲಿಗೆ ಮಿಷನ್ ತುಳಿಯುತ್ತಿದ್ದಿಯೋ. ಇವತ್ತು ಓದಿದ ಹೆಂಗಸೊಬ್ಬಳು, ನಿನಗೇ ಎಲ್ಲ ಗೊತ್ತು ಎಂದಿದ್ದಳು.

ಮೊದಲ ದಿನಗಳಲ್ಲಿ ಪಟ್ಟಿಗೆ ಬಂದದ್ದು ಒಂದೇ ಮಾತು. ಗಾಜಿನ ಕೋಣೆಯಲ್ಲಿ ಚಾಪೆಯ ಮೇಲೆ ಕೂತ ಇಂಚರಾಳನ್ನು ತೊಡೆಯ ಮೇಲೆ ಎಳೆದುಕೊಳ್ಳಲು ಕಸ್ತೂರಿ ಕೈ ಚಾಚಿದಳು. ಪಟ್ಟಿ ಒಡಕು ದನಿಯಲ್ಲಿ, "ಬ್ಯಾಡ" ಎಂದಿತು. ಕಸ್ತೂರಿ ಕೆಂಪು ಒತ್ತಿದಳು. ತಲೆ ಬಾಚಲು ಹೋದರೆ, "ಬ್ಯಾಡ". ಕೆಂಪು. ಮುತ್ತು ಕೊಡಲು ಹೋದರೆ, "ಬ್ಯಾಡ".

"ಮೇಡಂ, ಈ ಮಿಷನ್ ಬರೇ ತಪ್ಪ ಹೇಳಾಕತ್ತೈತ್ರಿ. ನನ್ನ ಮಗಳು ನನಗ ಬ್ಯಾಡ ಅಂತಾಳೇನ್ರಿ?"

"ಹೊಸಾದು ಅದ. ಕಲೀತದ, ಸ್ವಲ್ಪ ತಡೀರಿ."

ಕಲಿಯಿತು. ತಿಂಗಳು ತುಂಬುವುದರೊಳಗೆ "ಬ್ಯಾಡ" ಎನ್ನುವುದನ್ನು ಬಿಟ್ಟಿತು, "ಅವ್ವಾ" ಎಂದಿತು. ಕಸ್ತೂರಿ ಹೆಬ್ಬೆರಳು ನೋಯುವಷ್ಟು ಗಟ್ಟಿಯಾಗಿ ಹಸಿರು ಒತ್ತಿದಳು.

ಪಟ್ಟಿ ಬರುವ ಮುಂಚೆ ಇಂಚರಾಳಿಗೆ ಮಾತೇ ಇರಲಿಲ್ಲ ಎಂದರೆ ಸುಳ್ಳಾದೀತು. ಒಂದು ಮಾತಿತ್ತು, ಅದು ಲೋಟದ ಮಾತು. ಹಾಲು ಸಾಕಾದರೆ ಲೋಟ ಬೋರಲು ಹಾಕುತ್ತಿದ್ದಳು. ಹೊಸ ಫ್ರಾಕಿನ ಜರಿ ಚುಚ್ಚಿದರೆ ಅಡುಗೆಮನೆಗೆ ಓಡಿ, ಲೋಟ ಹುಡುಕಿ ತಂದು, ಕಸ್ತೂರಿಯ ಕಾಲ ಬುಡದಲ್ಲಿ ಬೋರಲು ಹಾಕುತ್ತಿದ್ದಳು. ಹೊಟ್ಟೆ ನೋವಿದ್ದರೂ ಅಷ್ಟೇ, ಬಂದ ನೆಂಟರು ಹೋಗಲಿ ಎನಿಸಿದರೂ ಅಷ್ಟೇ. ಒಮ್ಮೆ ಬೀಗರ ಎದುರು ತುಂಬಿದ ಮಜ್ಜಿಗೆ ಲೋಟವನ್ನೇ ಡಬ್ಬ ಹಾಕಿ ಮಾನ ಕಳೆದಿದ್ದಳು. ಅರುಂಧತಿಗೆ ಇದನ್ನು ಹೇಳಿದಾಗ ಅವಳು ತಲೆ ಅಲ್ಲಾಡಿಸಿದಳು. ಕೈ ಮಾತಾಡುತ್ತಿದ್ದರೆ ಕೊರಳು ಮಾತಾಡುವುದಿಲ್ಲ, ಕೊರಳು ಅದುರದಿದ್ದರೆ ಪಟ್ಟಿ ಕಲಿಯುವುದಿಲ್ಲ, ಅದಕ್ಕೆ ಕೈಯ ಚಟ ಬಿಡಿಸಬೇಕು. ಅದು ಮಾತಿನ ಮನೆಯ ಕಟ್ಟುನಿಟ್ಟಿನ ಪದ್ಧತಿ.

ಕಸ್ತೂರಿ ಅವತ್ತೇ ಮನೆಯ ಲೋಟಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿದಳು. ಎಲ್ಲರೂ ಮುಚ್ಚಳದ ಬಾಟಲಿಯಲ್ಲಿ ಕುಡಿಯುವಂತಾಯಿತು. "ಬಾಟ್ಲಿಯೊಳಗ ಚಾ ಕುಡ್ಯೂ ಕಾಲ ಬಂತು ನನಗ. ಸಾಯೂ ಹೊತ್ತಿನ್ಯಾಗ ಬಾಯಿಗೆ ನೀರೂ ಬಾಟ್ಲಿಲೇ ಬಿಡ್ತೀರೇನು?" ಎಂದು ನೀಲವ್ವ ಗೊಣಗಿದಳು. ಆದರೆ ಪಟ್ಟಿ "ಅಜ್ಜಿ" ಎಂದ ದಿನದಿಂದ ಅವಳ ಗೊಣಗಾಟ ನಿಂತಿತು. ಇಂಚರಾ ಕೆಲವು ದಿನ ಬಾಟಲಿಯನ್ನು ತಲೆಕೆಳಗೆ ನಿಲ್ಲಿಸಿ ನೋಡಿದಳು. ಯಾರೂ ತಿರುಗಿ ನೋಡಲಿಲ್ಲ. ಆಮೇಲೆ ಅವಳೂ ಬಿಟ್ಟಳು.

ಮುಂದಿನದೆಲ್ಲ ಹಬ್ಬವೇ. ಪಟ್ಟಿ ಉದ್ದುದ್ದ ಮಾತಾಡತೊಡಗಿತು, ಅದೂ ಮನೆಯವರ ಹಾಗೇ, ಹುಬ್ಬಳ್ಳಿಯ ಧಾಟಿಯಲ್ಲೇ. ಬಸ್ ಡಿಪೋದಿಂದ ದಣಿದು ಬಂದ ಅಪ್ಪ ಈರಣ್ಣನಿಗೆ, "ಅಪ್ಪಾ, ಇವತ್ತ ಭಾಳ ಕೆಲಸ ಇತ್ತೇನು?" ಎನ್ನುತ್ತಿತ್ತು. ಅವನು ಹೆಗಲ ಟವೆಲಿನಿಂದ ಮುಖ ಮುಚ್ಚಿಕೊಂಡು ಅಳುತ್ತಿದ್ದ, ಬೆವರು ಎಂದು ನೆವ ಹೇಳುತ್ತಿದ್ದ. ನುಡಿಪಟ್ಟಿಯ ಮಕ್ಕಳನ್ನು ಸೇರಿಸಿಕೊಳ್ಳಲೇಬೇಕೆಂದು ಸರ್ಕಾರ ಕಾಯ್ದೆ ಮಾಡಿತು, ಇಂಚರಾ ಶಾಲೆಗೂ ಹೋದಳು. ಕಸ್ತೂರಿ ಫ್ರಾಕಿಗೊಂದರಂತೆ ಪಟ್ಟಿಗೂ ಬಣ್ಣಬಣ್ಣದ ಗವಸು ಹೊಲಿದಳು. ಆರೇಳು ತಿಂಗಳಲ್ಲಿ ಗುಂಡಿ ಒತ್ತುವ ಕೆಲಸವೂ ತಪ್ಪಿತು. ಈಗ ಪಟ್ಟಿ ತಾಯಿಯ ದನಿ, ನಗೆ, ಉಸಿರು ಕೇಳಿಯೇ ತಾನು ಹೇಳಿದ್ದು ಸರಿಯೋ ತಪ್ಪೋ ತಿಳಿದುಕೊಳ್ಳುತ್ತದೆ ಎಂದು ಅರುಂಧತಿ ಹೇಳಿದಳು. ಕಸ್ತೂರಿಗೆ ಅದೂ ಚೆಂದವೇ ಎನಿಸಿತು.

ಒಂದೇ ಒಂದು ಸಂಗತಿ ಅವಳ ಕಣ್ಣಿಗೆ ಬಿದ್ದಿತ್ತು. ಪಟ್ಟಿ ಮಾತಾಡುವಾಗ ಇಂಚರಾ ಬೇರೆಲ್ಲೋ ನೋಡುತ್ತಿರುತ್ತಿದ್ದಳು. ಪಕ್ಕದ ಮನೆಯ ರೇಡಿಯೋ ತನ್ನ ಪಾಡಿಗೆ ತಾನು ಒದರುತ್ತಿದ್ದರೆ ಹೇಗೆ ಕೂರುತ್ತೇವೋ ಹಾಗೆ. ನಾಚಿಕೆ ಇರಬೇಕು ಎಂದುಕೊಂಡಳು ಕಸ್ತೂರಿ. ಹಾಗೆ ಅಂದುಕೊಳ್ಳುವುದು ಸುಲಭವಿತ್ತು.

ಹುಡುಗಿಗೆ ಒಂಬತ್ತು ನಡೆಯುವಾಗ, ಶ್ರಾವಣದಲ್ಲಿ, ತಲೆ ಚಚ್ಚಿಕೊಳ್ಳುವುದು ಶುರುವಾಯಿತು. ಬಲಗಡೆ ಕಿವಿಯನ್ನು ಗೋಡೆಗೆ ಒತ್ತಿ ಒತ್ತಿ ಉಜ್ಜುತ್ತಿದ್ದಳು. ಊಟ ಕಡಿಮೆಯಾಯಿತು. ಕಸ್ತೂರಿ ಅವಳ ಪಕ್ಕ ಕೂತು ಕೇಳಿದಳು. "ಏನಾತವಾ? ಕಿವಿ ನೋಯ್ತೈತೇನು? ಏನೂ ಇಲ್ಲಲ್ಲ?"

"ಏನೂ ಇಲ್ಲವ್ವಾ" ಎಂದಿತು ಪಟ್ಟಿ. "ಸುಮ್ನ ಆಡಾಕತ್ತೀನಿ."

ಆದರೂ ತಾಯಿಯ ಜೀವ ಕೇಳಬೇಕಲ್ಲ. ದವಾಖಾನೆಗೆ ಕರೆದುಕೊಂಡು ಹೋದಳು. ಅಲ್ಲಿನ ವೈದ್ಯ ಹರೆಯದವ, ನಗುಮುಖದವ. ಇಂಚರಾ ಕಿವಿ ಮುಟ್ಟಿಸಿಕೊಳ್ಳದೆ ಕೊಸರಾಡಿದಳು, ಅವನ ಕೈಗೆ ಕಚ್ಚಲೂ ಹೋದಳು. ಕಸ್ತೂರಿ ಮನೆಯಲ್ಲಿ ನಡೆದದ್ದನ್ನೆಲ್ಲ ಹೇಳಲು ಹೊರಟಾಗ ಅವನು ಕೈ ಅಡ್ಡ ಹಿಡಿದ.

"ತಡೀರಿ ಅಕ್ಕಾರ. ಇಷ್ಟು ವರ್ಷ ಇಂಥ ಮಕ್ಕಳನ್ನ ಯಾರೂ ಕೇಳೇ ಇಲ್ಲ, ಬರೇ ತಾಯಿ ತಂದಿನ್ನ ಕೇಳ್ಯಾರ. ಈಗ ನಿಯಮನೇ ಐತಿ, ಮಗುವಿಗೇ ಕೇಳಬೇಕು." ಅವನು ಇಂಚರಾಳ ಮಟ್ಟಕ್ಕೆ ಬಗ್ಗಿದ. "ಹೇಳು ಪುಟ್ಟಿ, ಕಿವಿ ನೋವು ಐತೇನು?"

ಏನೂ ಆಗದಿರಲಪ್ಪಾ ಎಂದು ಕಸ್ತೂರಿ ಉಸಿರು ಬಿಗಿ ಹಿಡಿದು ಕೂತಿದ್ದಳು.

"ಇಲ್ಲ ಡಾಕ್ಟರ್ ಕಾಕಾ" ಎಂದಿತು ಪಟ್ಟಿ. "ಶಾಲಿಗೆ ಹೋಗಾಕ ಬ್ಯಾಸರ ಆಗಿತ್ತು. ಅದಕ್ಕ ನಾಟಕ ಮಾಡಿದೆ."

ವೈದ್ಯ ಗೊಳ್ಳನೆ ನಕ್ಕ. ಕಸ್ತೂರಿಯೂ ನಕ್ಕಳು, ನಕ್ಕು ಹಗುರಾದಳು. ದಾರಿಯುದ್ದಕ್ಕೂ ಮಗಳನ್ನು ಬೈದಳು. "ಎಷ್ಟ ಹೆದರಿಸಿದೆಲ್ಲ ಕಳ್ಳಿ! ಇನ್ನೊಂದ ಸಲ ಹಿಂಗ ಮಾಡಿದ್ರ ನೋಡು." ಇಂಚರಾ ಆಟೋದ ಕಂಬಿಗೆ ಕಿವಿ ಒತ್ತಿಕೊಂಡು ಕೂತಿದ್ದಳು.

ನಾಲ್ಕಾರು ದಿನಕ್ಕೆ ಮೈ ಕಾದಿತು. ಸಾದಾ ಜ್ವರ, ಊರಲ್ಲೆಲ್ಲ ಇದೆ, ಎಂದ ಈರಣ್ಣ. ಬೆವರಿಗೆ ಹುಡುಗಿಯ ಕೊರಳು ಕೆಂಪಾಗಿತ್ತು, ಹಾಗಾಗಿ ಕಸ್ತೂರಿ ಪಟ್ಟಿ ಬಿಚ್ಚಿ, ಒರೆಸಿ, ಅಡುಗೆಮನೆಯ ಗೋಡೆಯ ಮಾಡದಲ್ಲಿ ಇಟ್ಟಳು. ಮಗಳನ್ನು ನಡುಮನೆಯಲ್ಲಿ ಮಲಗಿಸಿ ಬಂದು ಗಂಜಿಗೆ ಇಟ್ಟಳು. ಗಂಜಿ ತಿರುವುತ್ತ ತನ್ನಷ್ಟಕ್ಕೆ ಅಂದುಕೊಂಡಳು, "ಜ್ವರ ಒಂದ ಇಳದಿದ್ರ ಸಾಕಾಗಿತ್ತು ಶಿವನಾ."

"ಜ್ವರ ಇಳದೈತವ್ವಾ" ಎಂದಿತು ಹಿಂದಿನಿಂದ ಮಗಳ ದನಿ. "ನಂಗ ಹಸಿವಿ ಆಗೇತಿ. ನಿನ್ನ ಕೈ ಗಂಜಿ ಭಾಳ ಚಲೋ ಇರ್ತೈತಿ."

ಕಸ್ತೂರಿ ಹಿಗ್ಗಿ ತಿರುಗಿದಳು. ಬಾಗಿಲಲ್ಲಿ ಯಾರೂ ಇರಲಿಲ್ಲ. ಮಾಡದಲ್ಲಿ, ಉಪ್ಪಿನ ಡಬ್ಬಿಯ ಪಕ್ಕ, ಹಳದಿ ಗವಸಿನ ಪಟ್ಟಿ ಬಿದ್ದಿತ್ತು. ಅದರ ಒಳಗೆ ಯಾವ ಕೊರಳೂ ಇರಲಿಲ್ಲ.

"ಇಂಚರಾ?" ಎಂದಳು.

"ಹೂಂ ಅವ್ವಾ" ಎಂದಿತು ಮಾಡ.

ಸೌಟು ಕೈಯಿಂದ ಬಿತ್ತು. ನಡುಮನೆಗೆ ಓಡಿದಳು. ಹಾಸಿಗೆಯ ಮೇಲೆ ಹುಡುಗಿ ಇರಲಿಲ್ಲ. ದೇವರ ಜಗಲಿಯ ಕೆಳಗೆ ಮುದುಡಿಕೊಂಡು ಬಿದ್ದಿದ್ದಳು, ಕಣ್ಣು ಮೇಲೆ ಸಿಕ್ಕಿಕೊಂಡಿದ್ದವು, ಕಿವಿಯ ಹಿಂದೆ ನಿಂಬೆಹಣ್ಣಿನ ಗಾತ್ರ ಬಾತಿತ್ತು. ಮನೆಯಲ್ಲಿ ಕೈಗೆಟುಕುವಂತೆ ಉಳಿದಿದ್ದ ತೆರೆದ ಪಾತ್ರೆ ಎಂದರೆ ನೀಲವ್ವನ ಪೂಜೆಯ ತಂಬಿಗೆ ಒಂದೇ. ಅದು ನೆಲದ ಮೇಲೆ ಬೋರಲಾಗಿ ಕೂತಿತ್ತು. ಉರುಳಿ ಬಿದ್ದದ್ದಲ್ಲ, ನೆಟ್ಟಗೆ ಬೋರಲು ಹಾಕಿದ್ದು. ಸುತ್ತಲೂ ನೀರು. ಇಂಚರಾಳ ಅಂಗೈ ಇನ್ನೂ ಅದರ ತಳದ ಮೇಲಿತ್ತು.

"ಅತ್ತೀ! ಓಡಿ ಬರ್ರಿ! ನನ್ನ ಕೂಸು ಹೋತಲ್ರೋ!" ಎಂದು ಕಸ್ತೂರಿ ಕಿರುಚಿದ್ದು ಓಣಿಗೆಲ್ಲ ಕೇಳಿತು.

ಜೀವ ಉಳಿಯಿತು. ಕಿವಿಯ ಎಲುಬಿನಲ್ಲಿ ತುಂಬಿದ ಕೀವು ಮಿದುಳಿನ ಪೊರೆಗೆ ಇಳಿದಿತ್ತು. ಎರಡೂ ಕಿವಿ ಹೋದವು, ಇನ್ನು ಯಾವ ಯಂತ್ರ ಹಾಕಿದರೂ ಕೇಳಿಸುವುದಿಲ್ಲ ಎಂದರು. ಆ ಹರೆಯದ ವೈದ್ಯ ಹಾಸಿಗೆಯ ಪಕ್ಕ ಬಂದು ನಿಂತ, ಈ ಸಲ ಅವನ ಮುಖದಲ್ಲಿ ನಗುವಿರಲಿಲ್ಲ. "ಅಕ್ಕಾರ, ಆಕಿನೇ ನೋವಿಲ್ಲ ಅಂದ್ಳು. ಆಕಿ ಮಾತು ನಾನು ಹೆಂಗ ತಗದ ಹಾಕ್ಲಿ?" ಎಂದ. ಕಸ್ತೂರಿಗೆ ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು. ಆದರೆ ನಕ್ಕವರು ಇಬ್ಬರೂ ಅಲ್ಲವೇ?

ಮಗಳ ಹತ್ತಿರ ನೀಲವ್ವನನ್ನು ಕೂರಿಸಿ ಅವಳು ಮಾತಿನ ಮನೆಗೆ ಹೋದಳು. ಅರುಂಧತಿ ಸುದ್ದಿ ಕೇಳಿ ಅವಳ ಕೈ ಹಿಡಿಯಲು ಬಂದಳು. ಕಸ್ತೂರಿ ಕೈ ಹಿಂದಕ್ಕೆ ಎಳೆದುಕೊಂಡು, ಪಟ್ಟಿಯನ್ನು ಮೇಜಿನ ಮೇಲೆ ಎಸೆದಳು.

"ಕೊರಳಿಲ್ಲದ ಮಾತಾಡ್ತೈತ್ರಿ ಇದು."

ಅರುಂಧತಿ ಬಾಗಿಲು ಹಾಕಿದಳು. ಆಮೇಲೆ ಅವಳನ್ನು ಎಂದೂ ಕರೆದೊಯ್ಯದ ಒಳಕೋಣೆಗೆ ಕರೆದೊಯ್ದಳು. ಗೋಡೆ ತುಂಬ ಪರದೆಗಳು. ಒಂದೊಂದರ ಮೇಲೂ ಒಂದೊಂದು ಮಗುವಿನ ಹೆಸರು, ಹೆಸರಿನ ಕೆಳಗೆ ಎರಡು ಗೆರೆ. ಮೇಲಿನದು ಪಟ್ಟಿಯ ಮಾತು, ಕೆಳಗಿನದು ಕೊರಳಿನ ಅದುರು ಎಂದು ವಿವರಿಸಿದಳು. ಮೇಲಿನ ಗೆರೆಗಳು ಜಿಗಿದು ಕುಣಿಯುತ್ತಿದ್ದವು. ಕೆಳಗಿನವು ಸುಮಾರು ಕಡೆ ಒಣಹಾಕಿದ ದಾರದ ಹಾಗೆ ನೇರ ಬಿದ್ದಿದ್ದವು.

"ಇಂಚರಾನ ಕೊರಳು ಅದುರೂದು ಯಾವಾಗ ನಿಂತ್ರಿ?"

"ಮೊದಲನೇ ವರ್ಷನೇ." ಅರುಂಧತಿ ನೆಲ ನೋಡುತ್ತ ಹೇಳಿದಳು. "ಅದುರು ಬಾರದಾಗ ಪಟ್ಟಿ ಊಹಿ ಮಾಡ್ತದ. ಏನಂದ್ರ ನೀವು ಖುಷಿ ಆಗ್ತೀರಿ ಅನ್ನೂದು ಅದಕ್ಕ ಗೊತ್ತಾಗಿಬಿಟ್ಟಿತ್ತು. ಹಸಿರು ಗುಂಡಿ ಕಲಿಸಿದ್ದು ಅದನ್ನ."

"ನಿಮಗ ಗೊತ್ತಿತ್ತು."

"ಪೂರ್ತಿ ಗೊತ್ತಿತ್ತು ಅಂತಲ್ಲ... ಊಹಿ ಮಾಡ್ತಾ ಮಾಡ್ತಾ ಒಂದಿನ ಕೊರಳೂ ಕಲೀಬಹುದು ಅಂತ ನಂಬಿದ್ದೆವ್ರಿ."

"ಕೊರಳು ಏನಾರ ಹೇಳಿತ್ತೇನ್ರಿ? ಖರೇ ಹೇಳ್ರಿ. ಒಂದ ಮಾತರ?"

ಅರುಂಧತಿ ಇಂಚರಾಳ ಹೆಸರಿನ ಪರದೆಯ ಹತ್ತಿರ ಹೋದಳು. ಆಮೇಲೆ ಏನೋ ಒತ್ತಿದಳು. ಮೊದಲ ದಿನಗಳ ಒಡಕು ದನಿ ಕೋಣೆ ತುಂಬಿತು. ಬ್ಯಾಡ. ಬ್ಯಾಡ. ಬ್ಯಾಡ. ಪ್ರತಿ ಸಲವೂ ಕೆಳಗಿನ ಗೆರೆ ಗುಡ್ಡದ ಹಾಗೆ ಎದ್ದು ಬೀಳುತ್ತಿತ್ತು, ಪ್ರತಿ ಗುಡ್ಡದ ಪಕ್ಕದಲ್ಲೂ ಒಂದು ಕೆಂಪು ಚುಕ್ಕಿ. ಹೋಗಹೋಗುತ್ತ ಗುಡ್ಡ ದಿನ್ನೆಯಾಯಿತು, ದಿನ್ನೆ ಬಯಲಾಯಿತು. "ಅವ್ವಾ" ಎಂಬ ಮಾತು ಬಂದಾಗ ಕೆಳಗೆ ಏನೂ ಅದುರಿರಲಿಲ್ಲ.

ಕಸ್ತೂರಿ ತನ್ನ ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನಿಂತಳು. ಮಗಳ ಬಾಯಿ ಕಟ್ಟಿದ್ದು ಯಂತ್ರವಲ್ಲ, ತಾನು.

"ಉಳದ ಮಕ್ಕಳಿಗೂ ಹಿಂಗ?"

"ಎಲ್ಲಾರಿಗೂ ಅಲ್ಲ."

"ಅವರ ತಾಯಂದ್ರಿಗೆ ಹೇಳ್ರಿ ಹಂಗಾರ!"

"ಹೇಳಿದ್ರ ಎಷ್ಟು ಮನಿಯೊಳಗ ಮಾತು ನಿಂತು ಹೋಗ್ತಾವ ಗೊತ್ತೇನ್ರಿ ಕಸ್ತೂರಿಯವರ?" ಅರುಂಧತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳ ಅಳು ನಿಜವೇ ಇತ್ತು, ಅದೇ ಕಸ್ತೂರಿಗೆ ಸಹಿಸಲಿಕ್ಕೆ ಆಗಲಿಲ್ಲ.

ಮೇಜಿನ ಮೇಲಿನ ಪಟ್ಟಿ ಎತ್ತಿಕೊಂಡು ಅವಳು ಹೊರಬಂದಳು. ಹಜಾರದಲ್ಲಿ ತಾಯಂದಿರು ಸಾಲಾಗಿ ಕೂತಿದ್ದರು. ಬಾಗಿಲ ಹತ್ತಿರದವಳ ತೊಡೆಯ ಮೇಲೆ ಸಣ್ಣ ಹುಡುಗನೊಬ್ಬ ಮೊಣಕೈ ಕಚ್ಚಿಕೊಳ್ಳುತ್ತಿದ್ದ, ಅವನ ಪಟ್ಟಿ, "ಅವ್ವಾ, ನೀ ಇವತ್ತ ಭಾಳ ಚಂದ ಕಾಣಾಕತ್ತಿ" ಎನ್ನುತ್ತಿತ್ತು. ಕಸ್ತೂರಿ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, "ಯಕ್ಕಾ, ನನ್ನ ಮಗಳ ಪಟ್ಟಿ ಸುಳ್ಳ ಹೇಳ್ತಿತ್ತು. ನೀನೂ ಬಿಚ್ಚಿ ನೋಡು. ಅವನ ಕೈ ನೋಡು, ಕಚ್ಚಿಕೊಳ್ಳಾಕತ್ತಾನ" ಎಂದಳು. ಆ ಹೆಂಗಸು ಮಗನನ್ನು ಎದೆಗೆ ಅವುಚಿಕೊಂಡು, "ನಿಮ್ಮ ಹುಡುಗಿಗೆ ಹಂಗ ಆಗಿರಬೇಕ್ರಿ. ನನ್ನ ಮಗ ಎಲ್ಲಾ ಹೇಳ್ತಾನ" ಎಂದು ಮುಖ ತಿರುಗಿಸಿದಳು. ಅವಳ ಅಂಗೈಯಲ್ಲಿ ಬೆಂಕಿಪೊಟ್ಟಣದಂಥ ಆ ಸಾಮಾನು ಇತ್ತು.

ಇಂಚರಾ ಮನೆಗೆ ಬಂದಳು. ಕಸ್ತೂರಿ ಪಟ್ಟಿಯನ್ನು ತಿಪ್ಪೆಗೆ ಎಸೆಯಲು ಹೊರಟಾಗ ನೀಲವ್ವ ಅಡ್ಡ ನಿಂತಳು.

"ಬ್ಯಾಡವಾ. ನನಗ ಕೊಡು."

"ಅತ್ತಿ, ಅದರಾಗ ಇಂಚರಾ ಇಲ್ಲ."

"ಇಲ್ಲ ಅಂತ ನನಗೂ ತಿಳೀತೈತಿ. ಆದ್ರ ಅಜ್ಜಿ ಅಂತೈತಲ್ಲ." ಮುದುಕಿ ಸೆರಗೊಡ್ಡಿದಳು. "ನನಗ ಮತ್ತ್ಯಾರು ಅಂತಾರ ಹೇಳು."

ಅಂದು ಸಂಜೆ ಡಿಪೋದಿಂದ ಬಂದ ಈರಣ್ಣ ತಾಯಿಯ ಪಕ್ಕ ಪಡಸಾಲೆಯಲ್ಲಿ ಕೂತ. ನೀಲವ್ವನ ಮಡಿಲಲ್ಲಿ ಹಳದಿ ಪಟ್ಟಿ. "ಅಜ್ಜಿ, ಮೊಣಕಾಲು ನೋಯ್ತಾವೇನು? ಅಪ್ಪಾ, ಚಾ ಕುಡದೇನು?" ಮಗ ತಾಯಿ ಇಬ್ಬರೂ ಅದಕ್ಕೆ ಉತ್ತರ ಹೇಳುತ್ತಿದ್ದರು, ಮೆಲ್ಲಗೆ, ಒಳಗಿನವರಿಗೆ ಕೇಳಿಸೀತೆಂದು. ಆಗಾಗ ನಗುತ್ತಲೂ ಇದ್ದರು.

ಕಸ್ತೂರಿ ಅಟ್ಟ ಹತ್ತಿ ಗೋಣಿಚೀಲ ಇಳಿಸಿದಳು. ಲೋಟಗಳಿಗೆ ಧೂಳು ಮೆತ್ತಿತ್ತು. ಒಂದೊಂದನ್ನೂ ತಿಕ್ಕಿ ತೊಳೆದು ನಡುಮನೆಗೆ ತಂದಳು. ಇಂಚರಾ ಗೋಡೆಗೆ ಒರಗಿ ಕೂತಿದ್ದಳು, ಬೋಳಿಸಿದ ತಲೆಗೆ ಬ್ಯಾಂಡೇಜು ಸುತ್ತಿದ್ದರು. ಅವಳ ಕಣ್ಣು ಲೋಟಗಳ ಮೇಲೆ ನಿಂತಿತು, ಎಷ್ಟೋ ಹೊತ್ತು ಕದಲಲಿಲ್ಲ. ಎರಡು ವರ್ಷದ ಕೆಳಗೆ ಕೈಯಿಂದ ಕಿತ್ತುಕೊಂಡದ್ದನ್ನು ಈಗ ಯಾಕೆ ತಂದಿದ್ದಾರೆ ಎಂದು ಹುಡುಗಿಗೆ ಗುಮಾನಿ ಇದ್ದಿರಬೇಕು.

ಕಸ್ತೂರಿ ಒಂದು ಲೋಟವನ್ನು ಇಬ್ಬರ ನಡುವೆ ನೆಟ್ಟಗೆ ಇಟ್ಟಳು. ಹಾಲಿನ ಪಾತ್ರೆ ತೋರಿಸಿದಳು. ಇಂಚರಾ ಅಲುಗಾಡಲಿಲ್ಲ. ಕಸ್ತೂರಿ ಕಾದಳು. ಪಡಸಾಲೆಯಲ್ಲಿ ಈರಣ್ಣ ನಕ್ಕದ್ದು ಕೇಳಿತು. ಕೊನೆಗೆ ಸಣ್ಣ ಕೈಯೊಂದು ಮುಂದೆ ಬಂದು ಲೋಟ ಬೋರಲು ಹಾಕಿತು. ಕಸ್ತೂರಿ ಹಾಲಿನ ಪಾತ್ರೆಯನ್ನು ದೂರ ಸರಿಸಿದಳು, ಪೂರ್ತಿ ಕೋಣೆಯ ಆಚೆ.

ಇಂಚರಾ ಪಾತ್ರೆ ಹೋದ ದಾರಿಯನ್ನೇ ನೋಡಿದಳು. ಆಮೇಲೆ ತಾಯಿಯ ಮುಖ ನೋಡಿದಳು.

ಕಸ್ತೂರಿ ಲೋಟ ನೆಟ್ಟಗೆ ಮಾಡಿದಳು. ಕಂಬಳಿ ತೋರಿಸಿದಳು. ಹುಡುಗಿ ಕೈ ಚಾಚಲಿಲ್ಲ, ಲೋಟ ನೆಟ್ಟಗೆ ಹಾಗೇ ಇತ್ತು. ಕಸ್ತೂರಿ ಅವಳ ಕಾಲಿಗೆ ಕಂಬಳಿ ಹೊದಿಸಿದಳು. ಎರಡು ವರ್ಷದಲ್ಲಿ ಮೊದಲ ಸಲ ಮಗಳು ತನ್ನ ಜೊತೆ ಮಾತಾಡುತ್ತಿದ್ದಳು. ಬಹುಶಃ ಒಂಬತ್ತು ವರ್ಷದಲ್ಲೇ ಮೊದಲ ಸಲ ತಾನು ಕೇಳುತ್ತಿದ್ದಳು.

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ತಾಯಿಯ ಆಸೆಗೆ ಮಿತಿ ಎಲ್ಲಿದೆ? ಅವಳು ತನ್ನ ಎದೆಯ ಮೇಲೆ ಕೈ ಇಟ್ಟುಕೊಂಡಳು. ನಾನು? ನಾನಿರಲೇನವಾ ನಿನ್ನ ಹತ್ತಿರ?

ಇಂಚರಾ ಅವಳನ್ನು ದಿಟ್ಟಿಸಿ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಕೈ ಚಾಚಿ, ಲೋಟವನ್ನು ಎತ್ತಿ, ಮೆಲ್ಲಗೆ ಬೋರಲು ಹಾಕಿದಳು. ತಳದ ಮೇಲೆ ಅಂಗೈ ಊರಿದಳು.

ಕಸ್ತೂರಿಯ ಹೆಬ್ಬೆರಳು ತಾನಾಗಿಯೇ ಅಂಗೈಯೊಳಗೆ ಒತ್ತಿಕೊಂಡಿತು, ಅಲ್ಲಿ ಕೆಂಪು ಗುಂಡಿ ಇದ್ದ ಜಾಗದಲ್ಲಿ. ಅವಳು ಕೈ ಬಿಡಿಸಿದಳು. ತಲೆ ಆಡಿಸಿ, ಆಯಿತು ಎಂದಳು, ಕೇಳಿಸದ ಮಗಳಿಗೆ ಕಾಣುವಂತೆ. ಎದ್ದು ಹೊಸ್ತಿಲು ದಾಟಿದಳು.

ಬಾಗಿಲ ಆಚೆ ಕೂತಾಗ ಅಳು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡರೂ ಬಿಕ್ಕು ಹೊರಬಿತ್ತು. ಪಡಸಾಲೆಯಿಂದ, ನೀಲವ್ವನ ಮಡಿಲಿನಿಂದ, ಆ ಸವಿ ದನಿ ಕೂಗಿತು. "ಅವ್ವಾ, ಯಾಕ ಅಳಾಕತ್ತಿ? ಇಲ್ಲೆ ಬಾ. ನೀ ಅಂದ್ರ ನನಗ ಭಾಳ ಜೀವ."

ಕಸ್ತೂರಿ ಅತ್ತ ತಿರುಗಲಿಲ್ಲ. ಬಾಗಿಲನ್ನು ಲೋಟ ಕಾಣುವಷ್ಟು ಸರಿಸಿಕೊಂಡು, ಅದರ ಮೇಲೆ ಊರಿದ್ದ ಮಗಳ ಕೈಯನ್ನು ನೋಡುತ್ತ ಅಲ್ಲೇ ಕೂತಳು.